ಕೈಬಿಟ್ಟಕ್ಕನ ಕುಡುಕ ಮಣೆ

ನಿಂತ ಬಸ್ಸಿನಿಂದ ಯಾರಾದರೂ ಬೀಳುತ್ತಾರೆಯೇ? ಕೈಬಿಟ್ಟಕ್ಕ ಬಿದ್ದಳು. ಅದೂ ಎಂಥ ಬಸ್ಸು? ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತೊಳೆಯಲೆಂದು ಡಿಪೋದ ಮೂಲೆಯಲ್ಲಿ ನಿಲ್ಲಿಸಿದ್ದ ಬಸ್ಸು. ಇಪ್ಪತ್ತು ವರ್ಷಕ್ಕೂ ಮೇಲೆ, ಓಡುವ ಬಸ್ಸಿನಲ್ಲಿ ಕಂಬಿ ಮುಟ್ಟದೆ ಟಿಕೆಟ್ ಹರಿದ ಕಂಡಕ್ಟರಮ್ಮ, ಮರೆತ ನೀರಿನ ಬಾಟಲಿ ತರಲು ಹತ್ತಿ, ಸೋಪಿನ ನೀರು ಹರಿಯುತ್ತಿದ್ದ ಮೆಟ್ಟಿಲ ಮೇಲೆ ಕಾಲಿಟ್ಟು, ಡಿಪೋದ ಮಂದಿಯೆಲ್ಲ ನೋಡನೋಡುತ್ತಿದ್ದಂತೆ ಜಾರಿ ಕೆಳಗೆ ಬಂದಳು. ಬಲಗಾಲಿನ ಹರಡು, ಅಂದರೆ ಪಾದದ ಕೀಲು, ಲಟಕ್ಕೆಂದಿತು. ಮುರಿದದ್ದು ಮೂಳೆಯಾದರೂ ಅವಳಿಗೆ ಹೆಚ್ಚು ನೋವಾದದ್ದು ಹೋದ ಮಾನದಿಂದ.

ಕೈಬಿಟ್ಟಕ್ಕ ಎಂಬ ಹೆಸರು ಅವಳಿಗೆ ಬಂದದ್ದೇ ಕಂಬಿ ಹಿಡಿಯದ್ದರಿಂದ. ಸೀಟಿನ ಅಂಚಿಗೆ ಸೊಂಟ ಒರಗಿಸಿ, ಎರಡೂ ಪಾದ ಅಗಲಿಸಿ, ಬಸ್ಸು ಎತ್ತ ವಾಲಿದರೂ ತಾನು ಅದಕ್ಕಿಂತ ಮೊದಲೇ ಇತ್ತ ವಾಲಿ ನಿಲ್ಲುವುದು ಅವಳ ವಿದ್ಯೆ. ಚಿಕ್ಕಂದಿನಲ್ಲಿ ತಾಯಿಯಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರೂ ಅವಳಿಗೆ ಹೇಳಿದ್ದು ಒಂದೇ ಮಾತು: ಒಂದು ಕಡೆ ಸುಮ್ಮನೆ ಕೂತ್ಕೋ. ಕೂರಲಿಲ್ಲ. ಕೂರದವರಿಗೂ ಒಂದು ಉದ್ಯೋಗವಿದೆ ಎಂದು ತಿಳಿದ ದಿನವೇ ಹೋಗಿ ಅರ್ಜಿ ಹಾಕಿ ಬಂದಿದ್ದಳು. ಅರವತ್ತು ಜನರನ್ನು ಹೊತ್ತ ಗಾಡಿ ತನ್ನ ಬಾಯಿಂದ ಒಂದು ಮಾತು ಬೀಳುವವರೆಗೆ ಒಂದಿಂಚು ಅಲುಗುವುದಿಲ್ಲ ಎಂಬ ಸುಖವನ್ನು ಅವಳು ಯಾವ ಸಿಂಹಾಸನಕ್ಕೂ ಬಿಟ್ಟುಕೊಡುವವಳಲ್ಲ. ಡಿಪೋಗೆ ಹೊಸದಾಗಿ ಬಂದವರು ಮಾತ್ರ ಹೆಸರು ಕೇಳಿ, ಪಾಪ, ಗಂಡ ಕೈಬಿಟ್ಟಿರಬೇಕು ಎಂದು ಕನಿಕರಪಡುತ್ತಿದ್ದರು.

ಗಂಡ ಎಲ್ಲಿಯೂ ಹೋಗಿರಲಿಲ್ಲ. ಮನೆಯ ಮುಂಗೋಣೆಯಲ್ಲೇ ಮೋಟಾರು ಹಾಕಿದ ಹೊಲಿಗೆ ಮೆಷಿನ್ ಇಟ್ಟುಕೊಂಡು, ಬೀದಿಯವರ ಪ್ಯಾಂಟು, ಕೋಟು, ಕಿಟಕಿ ಪರದೆ ಹೊಲಿಯುತ್ತ ಕೂತಿದ್ದ. ಮಿತಭಾಷಿ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವವನು ಇನ್ನೇನು ಭಾಷಣ ಮಾಡಿಯಾನು? ಹೆಂಡತಿಯ ಅಡ್ಡಹೆಸರಿನ ಸುದ್ದಿ ಬಂದಾಗ ಮಾತ್ರ ಸೂಜಿ ತೆಗೆದು ಗೊಣಗುತ್ತಿದ್ದ: "ನಾನ್ ಎಲ್ ಬಿಟ್ಟೆ? ಬೆಳಗಾದ್ರೆ ಬಿಟ್ಟು ಓಡೋಳು ನೀನು."

ಪ್ಲಾಸ್ಟರು ಬಿಚ್ಚಿದ ಮೇಲೆ ಡಿಪೋದ ಡಾಕ್ಟರಮ್ಮ ಅವಳನ್ನು ಬಲಗಾಲಲ್ಲಿ ಒಂಟಿಯಾಗಿ ನಿಲ್ಲಿಸಿ ನೋಡಿದಳು. ಕೈಬಿಟ್ಟಕ್ಕ ಕಣ್ಣು ಮುಚ್ಚಿದಳು, ಮರುಕ್ಷಣವೇ ತೂಕದ ಯಂತ್ರವನ್ನು ತಬ್ಬಿಕೊಂಡಿದ್ದಳು.

"ಮೂಳೆ ಚೆನ್ನಾಗಿ ಕೂಡಿದೆ," ಎಂದಳು ಡಾಕ್ಟರಮ್ಮ. "ಆದ್ರೆ ನೆಲ ಎಲ್ಲಿದೆ ಅನ್ನೋದು ಪಾದಕ್ಕೆ ಮರ್ತುಹೋಗಿದೆ. ಅದನ್ನ ಮತ್ತೆ ಕಲಿಸ್ಬೇಕು."

"ನಲವತ್ತೆಂಟು ವರ್ಷದ ಪಾದ ಮೇಡಂ. ಈಗೇನ್ ಶಾಲೆಗೆ ಸೇರಿಸ್ಲಾ?"

ಡಾಕ್ಟರಮ್ಮ ಮಂಚದಡಿಯಿಂದ ಒಂದು ದುಂಡನೆಯ ಹಲಗೆ ಎಳೆದಳು. ಅದರ ಕೆಳಗೆ ಅರ್ಧ ಚೆಂಡಿನಂಥ ಉಬ್ಬು. ಅದರ ಮೇಲೆ ನಿಂತು ವಾಲದೆ ಇರುವುದನ್ನು ದಿನವೂ ಅಭ್ಯಾಸ ಮಾಡಬೇಕಂತೆ. ಬ್ಯಾಲೆನ್ಸ್ ಬೋರ್ಡು ಅಂತೆ. ಕೈಬಿಟ್ಟಕ್ಕನ ಕಣ್ಣಿಗೆ ಅದು ಹೊಟ್ಟೆ ಬಂದ ಮಣೆಯಂತೆ ಕಂಡಿತು. ಡಿಪೋಗೆಲ್ಲ ಇದ್ದದ್ದು ಅದೊಂದೇ. ಅದಕ್ಕೂ ಸರದಿ. ಒಬ್ಬ ದಪ್ಪ ಮೆಕ್ಯಾನಿಕ್ಕು ಅದನ್ನು ಬಿಟ್ಟು ಇಳಿಯುತ್ತಲೇ ಇರಲಿಲ್ಲ.

"ಮುಂದಿನ ತಿಂಗಳು ಮತ್ತೆ ಪರೀಕ್ಷೆ," ಎಂದಳು ಡಾಕ್ಟರಮ್ಮ. "ಇದೇ ಕಾಲಲ್ಲಿ, ಕಣ್ ಮುಚ್ಚಿ, ನಾನು ಸಾಕು ಅನ್ನೋವರೆಗೂ ನಿಂತ್ರೆ ಬಸ್ಸಿಗೆ ಹೋಗ್ಬಹುದು. ಇಲ್ಲಾಂದ್ರೆ ಕೂತು ಮಾಡೋ ಕೆಲಸ ಕೊಡ್ತಾರೆ."

ಕೂತು ಮಾಡುವ ಕೆಲಸ ಯಾವುದೆಂದು ಡಿಪೋಗೆಲ್ಲ ಗೊತ್ತಿತ್ತು. ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಹೋದ ಸಾಮಾನು ಇಡುವ ಕೋಣೆ. ಕಿಟಕಿಯಿಲ್ಲ. ಗೋಡೆ ತುಂಬ ಒಡೆಯರಿಲ್ಲದ ಛತ್ರಿಗಳು, ಒಂಟಿ ಚಪ್ಪಲಿಗಳು, ಯಾರದೋ ಹಲ್ಲಿನ ಸೆಟ್ಟು. ಹಲ್ಲು ಮರೆತು ಮನೆಗೆ ಹೋದವನು ಊಟಕ್ಕೆ ಕೂತಾಗಲಾದರೂ ನೆನಪಿಸಿಕೊಳ್ಳಬೇಡವೇ? ಆ ಕೋಣೆಯಲ್ಲಿ ಕೂತವರು ಒಬ್ಬರಾದರೂ ಮತ್ತೆ ರಸ್ತೆಗೆ ಇಳಿದದ್ದಿಲ್ಲ.

ಮನೆಗೆ ಬಂದು ಹೇಳಿದಾಗ ಗಂಡ ಸೂಜಿ ಕಚ್ಚಿಕೊಂಡೇ ಅಂದ: "ಕೂತ್ ಮಾಡೋ ಕೆಲ್ಸ ಕೆಟ್ಟದ್ದೇನಲ್ಲ. ನಾನೂ ಕೂತೇ ಮಾಡೋದು."

"ನಿಮಗೆ ಕೂರೋಕ್ ಬರುತ್ತೆ ಕಣ್ರೀ. ನಂಗ್ ಬರಲ್ಲ. ಆ ಛತ್ರಿಗಳ ಮಧ್ಯೆ ನಾನು ಸತ್ತೋಗ್ತೀನಿ," ಎಂದು ಅವಳು ಅವತ್ತೇ ಮಣೆ ಕಟ್ಟಲು ಕೂತಳು. ಎಂದರೆ ನಿಂತಳು.

ಮೊದಲ ಮಣೆಗೆ ತಲೆ ಓಡಿಸಿದವನು ಅವಳ ಬಸ್ಸಿನ ಡ್ರೈವರು. ಅವನನ್ನು ಬ್ರೇಕಪ್ಪ ಎನ್ನುತ್ತಾರೆ. ಅವನು ಬ್ರೇಕ್ ಹಾಕಿದರೆ ಹಿಂದಿನ ಸೀಟಿನವರು ಮುಂದಿನ ಬಾಗಿಲಲ್ಲಿ ಇಳಿಯುತ್ತಾರೆ ಎಂದು ಪ್ರತೀತಿ. ವಯಸ್ಸಿನಲ್ಲಿ ಕಿರಿಯ, ಅವಳನ್ನು ಅಕ್ಕ ಎಂದೇ ಕರೆಯುವವನು, ಅವಳ ಬದಲು ಬಂದ ಕಂಡಕ್ಟರನ ಜೊತೆ ಹೊಂದಿಕೆಯಾಗದೆ ದಿನಾ ಸಂಜೆ ದೂರು ಹೇಳಲು ಬರುತ್ತಿದ್ದ. "ಅರ್ಧ ಚೆಂಡು ಗಿಂಡು ಎಲ್ಲ ಯಾಕಕ್ಕ? ಒಂದ್ ತುಂಡು ಪೈಪು, ಅದರ ಮೇಲೊಂದು ಹಲಗೆ. ಮುಗೀತು," ಎಂದ. ಪೈಪು ತಂದ. ಅದರ ಮೇಲೆ ಹಲಗೆ ಇಟ್ಟರು. ಕೈಬಿಟ್ಟಕ್ಕ ಹತ್ತಿದಳು. ಹಲಗೆ ಒಂದು ದಿಕ್ಕಿಗೆ ಹೋಯಿತು, ಪೈಪು ಇನ್ನೊಂದು ದಿಕ್ಕಿಗೆ ಹೋಯಿತು, ಕೈಬಿಟ್ಟಕ್ಕ ಯಾರದೋ ಮದುವೆಗೆ ಹೊಲಿದಿಟ್ಟಿದ್ದ ಕೋಟುಗಳ ರಾಶಿಯ ಮೇಲೆ ಕೂತಳು. ಕೋಟುಗಳಿಗೆ ಮತ್ತೆ ಇಸ್ತ್ರಿ ಬೇಕಾಯಿತು.

ಎರಡನೆಯ ಸಲ ಅವಳು ಡಾಕ್ಟರಮ್ಮನ ನಮೂನೆಯನ್ನೇ ಹಿಡಿದಳು. ಗಿರಾಕಿಗಳು ಕಾಯುತ್ತ ಕೂರುವ ಹಳೆಯ ಸ್ಟೂಲಿನ ಕಾಲುಗಳನ್ನು ಸ್ಪ್ಯಾನರಿನಿಂದ ಕಳಚಿದಳು. ದುಂಡು ಹಲಗೆ ಸಿಕ್ಕಿತು. ಒಂದು ದಪ್ಪ ರಬ್ಬರ್ ಚೆಂಡು ಕೊಂಡು ತಂದಳು. ಅದನ್ನು ಎರಡು ಹೋಳು ಮಾಡಬೇಕು. ಚಾಕು ಜಾರಿತು, ಕುಡುಗೋಲಿಗೆ ಚೆಂಡು ಪುಟಿದು ಓಡಿತು. ಗಂಡ ನೂಲು ತರಲು ಹೊರಗೆ ಹೋಗಿದ್ದ. ಮೇಜಿನ ಮೇಲೆ ಅವನ ದೊಡ್ಡ ಕತ್ತರಿ ಇತ್ತು.

ಟೈಲರನ ಕತ್ತರಿ ಎಂದರೆ ಏನೆಂದು ಟೈಲರನ ಹೆಂಡತಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅದು ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ. ಅದರಲ್ಲಿ ಒಮ್ಮೆ ಕಾಗದ ಕತ್ತರಿಸಿದ್ದಕ್ಕೆ ಅವನು ವಾರಗಟ್ಟಲೆ ಮಾತು ಬಿಟ್ಟಿದ್ದ. ಕೈಬಿಟ್ಟಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ಹಲ್ಲು ಕಚ್ಚಿ, ಚೆಂಡನ್ನು ಕಚಕಚನೆ ಎರಡು ಮಾಡಿ, ಕತ್ತರಿಯನ್ನು ಒರೆಸಿ ಇದ್ದಲ್ಲೇ ಇಟ್ಟಳು. ಗಂಡ ಬಂದು ಪರದೆ ಬಟ್ಟೆಗೆ ಕತ್ತರಿ ಹಾಕಿದ. ಕತ್ತರಿ ಬಟ್ಟೆಯನ್ನು ಕತ್ತರಿಸಲಿಲ್ಲ, ಅಗಿಯಿತು. ಅವನು ಅಲಗನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ.

"ರಬ್ಬರು," ಎಂದ. ಆಮೇಲೆ ಅವತ್ತೆಲ್ಲ ಒಂದು ಮಾತಿಲ್ಲ. ಅವನು ಕೂಗಾಡಿದ್ದರೆ ಅವಳೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳು.

ಅರ್ಧ ಚೆಂಡಿಗೆ ಸಿಮೆಂಟು ತುಂಬಿ, ನಡುವೆ ಬೋಲ್ಟು ನಿಲ್ಲಿಸಿ, ಒಣಗಲು ಬಿಟ್ಟಳು. ಮರುದಿನ ಬೆಳಿಗ್ಗೆಯೇ ಕಿತ್ತು ನೋಡಿದಳು. ಹಸಿ ಸಿಮೆಂಟು ಪುಡಿಪುಡಿಯಾಗಿ ಉದುರಿತು. ಅವಳಿಗೆ ಕಾಯುವುದು ಗೊತ್ತಿಲ್ಲ. ಕಾಯುವವರನ್ನು ಬಿಟ್ಟು ಹೋಗುವುದೇ ಅವಳ ಉದ್ಯೋಗವಾಗಿತ್ತಲ್ಲ. ಉಳಿದ ಅರ್ಧ ಚೆಂಡಿಗೆ ಮತ್ತೆ ಸಿಮೆಂಟು ತುಂಬಿದಾಗ ಗಂಡ ಅದನ್ನು ತೆಗೆದುಕೊಂಡು ಹೋಗಿ ಅವಳ ಕೈಗೆ ಸಿಗದ ಕಡೆ ಇಟ್ಟ. ಅದು ಕಲ್ಲಾದ ಮೇಲೇ ಹೊರಗೆ ಬಂತು. ಹಲಗೆಗೆ ತೂತು ಕೊರೆದು ನಟ್ಟು ಬಿಗಿದರು. ಕಾಲು ಜಾರದಂತೆ ಬ್ರೇಕಪ್ಪ ಗುಜರಿ ಬಸ್ಸಿನ ನೆಲದ ರಬ್ಬರು ತಂದು ಮೇಲೆ ಅಂಟಿಸಿದ. ನೋಡಲು ಲಕ್ಷಣವಾಗಿಯೇ ಇತ್ತು. ನೆಲದ ಮೇಲಿಟ್ಟರೆ ಯಾರೂ ಮುಟ್ಟದೆಯೇ ಆ ಕಡೆ ಈ ಕಡೆ ತೂಗುತ್ತಿತ್ತು. ಕೈಬಿಟ್ಟಕ್ಕ ಅದಕ್ಕೆ ಕುಡುಕ ಎಂದು ಹೆಸರಿಟ್ಟಳು.

ಇದರಿಂದ ಒಂದು ತೊಂದರೆಯಾಯಿತು. "ರೀ, ಕುಡುಕನ್ನ ಎಲ್ ಮಲಗಿಸಿದ್ರಿ? ಎಳ್ಕೊಂಡ್ ಬನ್ನಿ, ಒಂದ್ಸಲ ತುಳೀತೀನಿ," ಎಂದು ಅವಳು ಬೆಳಿಗ್ಗೆ ಬೆಳಿಗ್ಗೆ ಕೂಗುವುದು ಕೇಳಿ ಪಕ್ಕದ ಮನೆಯಾಕೆ ಟೈಲರನನ್ನು ಬೇರೆಯೇ ದೃಷ್ಟಿಯಿಂದ ನೋಡತೊಡಗಿದಳು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ ಬೀದಿಯಲ್ಲಿ ತಲೆತಗ್ಗಿಸಿ ನಡೆಯುವಂತಾಯಿತು.

ಕುಡುಕ ಸುಲಭಕ್ಕೆ ಬಗ್ಗುವವನಾಗಿರಲಿಲ್ಲ. ಮೊದಲ ವಾರ ಅವಳು ಗೋಡೆಗೆ, ಕಪಾಟಿಗೆ, ಗಂಡನ ತಲೆಗೆ ಕೈಕೊಟ್ಟು ನಿಂತಳು. ಒಂದು ಸಂಗತಿ ಬೇಗ ತಿಳಿಯಿತು. ಮನೆ ಸದ್ದಿಲ್ಲದೆ ಇದ್ದರೆ ಅವಳಿಗೆ ನಿಲ್ಲಲು ಆಗುತ್ತಲೇ ಇರಲಿಲ್ಲ. ಗಂಡ ಮೆಷಿನ್ ಓಡಿಸಿದರೆ, ಮೋಟಾರಿನ ಗುಂಯ್ ಸದ್ದು ನೆಲದಿಂದ ಮಣೆಗೆ, ಮಣೆಯಿಂದ ಪಾದಕ್ಕೆ ಹತ್ತಿದರೆ, ಅವಳ ಸೊಂಟ ತಾನಾಗಿ ಸಡಿಲಾಗುತ್ತಿತ್ತು. ಹೊಲಿಗೆಯ ಕೊನೆ ಬಂದು ಅವನು ಮೆಷಿನ್ ನಿಲ್ಲಿಸಿದ ಕೂಡಲೇ ಇವಳು ದೊಪ್ಪನೆ ನೆಲಕ್ಕೆ ಕಾಲು ಊರುತ್ತಿದ್ದಳು.

"ನಿಲ್ಲಿಸ್ಬೇಡ್ರೀ!"

"ತೋಳು ಮುಗೀತು ಕಣೇ. ಮುಂದೆ ಎಲ್ ಹೊಲೀಲಿ, ಗಾಳೀಲಾ?"

"ಉದ್ದದ್ದು ಏನಾದ್ರೂ ತಗೊಳ್ಳಿ."

ಅವನು ಶರಟುಗಳನ್ನು ಬದಿಗಿಟ್ಟು ಪರದೆಗಳ ಅಂಚು ಹೊಲಿಯತೊಡಗಿದ. ಹೀಗೆ ಇಬ್ಬರೂ ಒಂದೇ ಕೋಣೆಯಲ್ಲಿ, ಒಬ್ಬ ಕೂತು ಒಬ್ಬಳು ನಿಂತು, ಬೆಳಗಿನಿಂದ ಊಟದ ಹೊತ್ತಿನವರೆಗೆ ಜಗಳವಾಡಿಕೊಂಡು ಕಾಲ ಕಳೆದರು. ಮಣೆಯನ್ನು ತಂದು ಹಾಸುವುದು, ಎತ್ತಿ ಮೇಜಿನಡಿ ಇಡುವುದು ಗಂಡನ ಕೆಲಸ. ಅವಳ ಕಾಲಿಗೆ ಇನ್ನೂ ಬಗ್ಗಿ ಭಾರ ಎತ್ತುವ ತ್ರಾಣ ಬಂದಿರಲಿಲ್ಲ.

ಮೂರನೆಯ ವಾರದಲ್ಲಿ ಪವಾಡ ನಡೆಯಿತು. ಒಂದು ಬೆಳಿಗ್ಗೆ ಅವಳು ಮಣೆ ಹತ್ತಿದರೆ ಕುಡುಕ ಸೆಟೆದು ನಿಂತ. ಎರಡು ಕಾಲು ಇರಲಿ, ಒಂದೇ ಕಾಲಲ್ಲಿ ನಿಂತಳು. ಕಣ್ಣು ಮುಚ್ಚಿದಳು. ಮೆಷಿನ್ ನಿಂತಿತು, ಅವಳು ನಿಂತೇ ಇದ್ದಳು. ಸಂತೋಷಕ್ಕೆ ಪಾರವಿಲ್ಲ. ಅಂದಿನಿಂದ ಅವಳು ಮಣೆಯ ಮೇಲೆ ನಿಂತು ತಲೆ ಬಾಚಿದಳು, ಫೋನಿನಲ್ಲಿ ಮಾತಾಡಿದಳು, ಗಂಡನಿಗೆ ಬುದ್ಧಿ ಹೇಳಿದಳು. ಒಂದು ಸಂಜೆ ಬ್ರೇಕಪ್ಪ ಬಂದಾಗ ಜಂಬ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

"ನಾನೂ ಒಂದ್ಸಲ ಹತ್ಲಾ ಅಕ್ಕ?" ಎಂದ ಬ್ರೇಕಪ್ಪ.

"ಹತ್ತು, ಹತ್ತು. ಹಲ್ಲು ಮುರ್ಕೊಂಡ್ರೆ ನನ್ ಕೇಳ್ಬೇಡ."

ಬ್ರೇಕಪ್ಪ ದಡೂತಿ ಆಸಾಮಿ. ಸೀಟಿನಿಂದ ಇಳಿಯುವಾಗಲೂ ಬಾಗಿಲು ಹಿಡಿದುಕೊಳ್ಳುವವನು. ಹತ್ತಿ ನಿಂತ. ಅಲುಗಲಿಲ್ಲ. ಒಂದು ಕಾಲೆತ್ತಿದ. ಅಲುಗಲಿಲ್ಲ. ಜೇಬಿನಿಂದ ಬಾಚಣಿಗೆ ತೆಗೆದ. ಕೈಬಿಟ್ಟಕ್ಕನ ಮುಖದ ನಗು ಇಳಿಯಿತು. ಟೈಲರು ಸೂಜಿಗೆ ದಾರ ಪೋಣಿಸುವುದರಲ್ಲಿ ಬಹಳ ಮಗ್ನನಾದ.

"ಇಳಿಯೋ," ಎಂದು ಅವಳು ನೋವನ್ನೂ ಲೆಕ್ಕಿಸದೆ ಬಗ್ಗಿ ಮಣೆಯನ್ನು ಮಗುಚಿದಳು. ಹಲಗೆಯ ಅಂಚಿನುದ್ದಕ್ಕೂ, ಚೆಂಡಿನ ಎತ್ತರಕ್ಕೆ ಸರಿಯಾಗಿ, ಕೋಟಿನ ಭುಜಕ್ಕೆ ಹಾಕುವ ಪ್ಯಾಡುಗಳನ್ನು ಒಂದರ ಮೇಲೊಂದು ಒತ್ತಾಗಿ ಪೇರಿಸಿ ಅಂಟಿಸಲಾಗಿತ್ತು. ಮೇಲೆ ಕೋಟಿನ ಒಳಗೆ ಕೊಡುವ ಕಪ್ಪು ಅಸ್ತರಿ ಬಟ್ಟೆ. ಅಂಚಿಗೆ ಸಣ್ಣ ಸಣ್ಣ ಕೈಹೊಲಿಗೆ, ಒಂದೂ ಎದ್ದು ಕಾಣದಂತೆ. ಮೋಸ ಮಾಡುವಾಗಲೂ ಮನುಷ್ಯ ಕೆಲಸದಲ್ಲಿ ಕಳ್ಳತನ ಮಾಡಿರಲಿಲ್ಲ.

ಬ್ರೇಕಪ್ಪನಿಗೆ ಆ ಕ್ಷಣ ಬೇರೆಲ್ಲೋ ತುರ್ತು ಕೆಲಸ ನೆನಪಾಯಿತು. ಅವನು ಹೋದ ಮೇಲೆ ಅವಳು ಕೇಳಿದಳು: "ಯಾಕ್ರೀ ಹೀಗ್ ಮಾಡಿದ್ರಿ?"

"ಬೀಳ್ತೀಯ ಅಂತ."

"ಸುಳ್ಳು."

ಟೈಲರು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. ಅಷ್ಟು ಸೂಜಿ ಒಳಗಿತ್ತು ಎಂದು ಅವಳಿಗೂ ಗೊತ್ತಿರಲಿಲ್ಲ.

"ನೀನು ಫೇಲಾಗ್ಲಿ ಅಂತ. ಅಲುಗದ ಮಣೆ ಮೇಲೆ ನಿಂತ್ರೆ ಕಾಲೇನೂ ಕಲಿಯಲ್ವಲ್ಲ," ಎಂದ. "ಮದುವೆಯಾದಾಗಿಂದ ನೀನು ಕತ್ತಲಿರುವಾಗ ಹೋಗ್ತೀಯ, ಕತ್ತಲಾದ ಮೇಲೆ ಬರ್ತೀಯ. ಡಬಲ್ ಡ್ಯೂಟಿ ಬೇಡ ಅಂದ್ರೂ ಕೇಳಲ್ಲ. ನಾನು ಮಧ್ಯಾಹ್ನ ಒಬ್ನೇ ಗೋಡೆ ನೋಡ್ಕೊಂಡ್ ಉಣ್ತೀನಿ. ಈ ಕಾಲು ಮುರಿದ್ ಮೇಲೆ ಎದುರಿಗೆ ಒಬ್ರು ಕೂತಿರ್ತಾರೆ. ಬೈತಾರೆ, ಆದ್ರೆ ಕೂತಿರ್ತಾರೆ. ಆ ಛತ್ರಿ ರೂಮಿಗೆ ಹೋದ್ರೆ ಮಧ್ಯಾಹ್ನ ಊಟಕ್ ಬಿಡ್ತಾರಂತೆ. ವಿಚಾರಿಸ್ದೆ."

ತುಂಬಿದ ಬಸ್ಸಿನಲ್ಲಿ ಮೂರು ಜಗಳ ಒಟ್ಟಿಗೆ ಆಡಿ ಮೂರನ್ನೂ ಗೆಲ್ಲುವವಳು ಮಣೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು, ಯಾವುದನ್ನು ಮೊದಲು ಹೊರಗೆ ಬಿಡುವುದೆಂದು ತಿಳಿಯಲಿಲ್ಲ.

"ಬಾಯ್ಬಿಟ್ಟು ಹೇಳೋಕೇನ್ರೀ ರೋಗ ನಿಮಗೆ?" ಎಂದಳು ಕೊನೆಗೆ. ಆಮೇಲೆ ಹೊಲಿಗೆ ಬಿಚ್ಚುವ ಬ್ಲೇಡು ತೆಗೆದುಕೊಂಡು ಆ ಚಂದದ ಕೈಹೊಲಿಗೆಯನ್ನು ಬಿಚ್ಚತೊಡಗಿದಳು. ಗಂಡ ನೋಡಲಾರದೆ ಆ ಕಡೆ ತಿರುಗಿದ.

ಪರೀಕ್ಷೆಗೆ ಉಳಿದದ್ದು ಕೆಲವೇ ದಿನ. ಪ್ಯಾಡು ಕಿತ್ತ ಕುಡುಕ ತನ್ನ ಹಳೆಯ ಚಾಳಿಗೆ ಮರಳಿದ್ದ. ಅವಳು ಬಿದ್ದಳು, ಎದ್ದಳು, ಬೈದಳು, ಮತ್ತೆ ಹತ್ತಿದಳು. ಗಂಡ ಉದ್ದುದ್ದ ಪರದೆ ಹೊಲಿಯುತ್ತ ಮೆಷಿನ್ ಓಡಿಸಿದ. ಮಧ್ಯಾಹ್ನ ಎದುರುಬದುರು ಕೂತು ಉಂಡರು. ಪರೀಕ್ಷೆಯ ದಿನ ಬೇಡವೆಂದರೂ ಅವನು ಅಂಗಡಿ ಮುಚ್ಚಿ, ಕಂಕುಳಲ್ಲಿ ಯಾವುದೋ ಬಟ್ಟೆ ಚೀಲ ಇರುಕಿಕೊಂಡು ಅವಳ ಜೊತೆ ಡಿಪೋಗೆ ಬಂದು, ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಬ್ರೇಕಪ್ಪ ಉಗುರು ಕಚ್ಚುತ್ತಿದ್ದ.

ಒಳಗೆ ಕೈಬಿಟ್ಟಕ್ಕ ಬಲಗಾಲಲ್ಲಿ ನಿಂತು ಕಣ್ಣು ಮುಚ್ಚಿದಳು. ಪಾದ ನಡುಗಿತು, ಆದರೂ ನಿಂತಿತು. ಹರಡು ಒಳಗೆ ವಾಲಿತು, ತಾನೇ ಸರಿಮಾಡಿಕೊಂಡಿತು. ಡಾಕ್ಟರಮ್ಮನಿಗೇ ಉತ್ಸಾಹ ಬಂತು. "ಗುಡ್, ಗುಡ್," ಎಂದಳು. "ಇನ್ನೊಂಚೂರು... ಹೋಲ್ಡಾನ್! ಹೋಲ್ಡಾನ್!"

ಕೈಬಿಟ್ಟಕ್ಕ ತಟ್ಟನೆ ಕಾಲು ಕೆಳಗಿಟ್ಟಳು.

ಬಸ್ಸಿನವರ ಭಾಷೆಯಲ್ಲಿ ರೈಟ್ ಎಂದರೆ ಹೊರಡು, ಹೋಲ್ಡಾನ್ ಎಂದರೆ ನಿಲ್ಲಿಸು. ಇಂಗ್ಲಿಷಿನಲ್ಲಿ ಅದಕ್ಕೆ ಏನರ್ಥವೋ ಅದು ಇಂಗ್ಲಿಷಿನವರ ಪಾಡು. ಅಷ್ಟು ವರ್ಷ ದಿನಕ್ಕೆ ನೂರು ಸಲ ಆ ಮಾತು ಕೂಗಿ ಬಸ್ಸು ನಿಲ್ಲಿಸಿದವಳ ಕಾಲು ಇನ್ನೇನು ಮಾಡೀತು?

"ಅಯ್ಯೋ, ಯಾಕ್ ಇಳಿಸಿದ್ರಿ? ನಾನು ಸಾಕು ಅನ್ಲೇ ಇಲ್ವಲ್ಲ," ಎಂದಳು ಡಾಕ್ಟರಮ್ಮ.

"ನೀವೇ ಅಲ್ವಾ ಮೇಡಂ ಹೋಲ್ಡಾನ್ ಅಂದಿದ್ದು? ಅದೂ ಎರಡೆರಡ್ ಸಲ!"

"ಬಿಡ್ಬೇಡಿ, ಹಾಗೇ ನಿಂತಿರಿ ಅಂತ ಅಂದೆ."

"ಹಾಗಾದ್ರೆ ರೈಟ್ ಅನ್ಬೇಕಪ್ಪ!"

ಬಾಗಿಲಾಚೆಯಿಂದ ಬ್ರೇಕಪ್ಪ ಗೊಳ್ಳೆಂದು ನಕ್ಕದ್ದು ಕೇಳಿಸಿತು. ಡಾಕ್ಟರಮ್ಮ ನಗಲಿಲ್ಲ. ಇನ್ನೊಂದೇ ಅವಕಾಶ, ಈ ಸಲ ತಾನು ತುಟಿ ಪಿಟಕ್ಕೆನ್ನುವುದಿಲ್ಲ ಎಂದಳು. ಅದೇ ಕಷ್ಟವಾಯಿತು. ಕೋಣೆ ಗಪ್ಪಾಯಿತು. ಕಾಲು ಆಗಲೇ ಸೋತಿತ್ತು. ಪರದೆ ಇಲ್ಲ, ಮೋಟಾರಿಲ್ಲ. ಕಣ್ಣು ಮುಚ್ಚಿದರೆ ಕತ್ತಲಲ್ಲಿ ಛತ್ರಿಗಳೇ ಕಾಣಿಸಿದವು.

ಆಗ ಅವಳು ಬಾಯಲ್ಲೇ ಗೊಣಗಲು ಶುರುಮಾಡಿದಳು. "ರೈಟ್. ಆಸ್ಪತ್ರೆ ಗೇಟು. ಗಿರಣಿ. ಹಳೇ ಪೋಸ್ಟಾಫೀಸು." ತನ್ನ ಮಾರ್ಗದ ನಿಲ್ದಾಣಗಳು. ಗಿರಣಿಯ ಮುಂದಿನ ಗುಂಡಿಗೆ ಅವಳ ಮಂಡಿ ಬಾಗಿತು. ಪೋಸ್ಟಾಫೀಸಿನ ತಿರುವಿಗೆ ಹರಡು ತಾನಾಗಿ ಹೊರಗೆ ವಾಲಿ ಒಳಗೆ ಬಂತು. ಶಾಲೆಯ ಹತ್ತಿರ ಬ್ರೇಕಪ್ಪ ಬ್ರೇಕ್ ಹಾಕಿಯೇ ಹಾಕುತ್ತಾನೆಂದು ಸೊಂಟ ಮೊದಲೇ ಹಿಂದಕ್ಕೆ ಸರಿಯಿತು. ಡಾಕ್ಟರಮ್ಮ ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

"ಸಾಕು," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಪಾಸು. ಕಾಲಿಳ್ಸಿ."

"ಸ್ಟಾಪ್ ಬರ್ಲಿ ಇರಿ ಮೇಡಂ," ಎಂದು ಕೈಬಿಟ್ಟಕ್ಕ ಕಣ್ಣು ಮುಚ್ಚಿಕೊಂಡೇ ಮಾರುಕಟ್ಟೆಯವರೆಗೆ ಹೋಗಿ ಅಲ್ಲಿ ಇಳಿದಳು.

ಹೊರಗೆ ಬಂದಾಗ ಬ್ರೇಕಪ್ಪ "ಏನಾಯ್ತಕ್ಕ, ಏನಾಯ್ತಕ್ಕ" ಎಂದು ಕುಣಿಯುತ್ತಿದ್ದ. ಟೈಲರು ಅವಳ ಮುಖ ನೋಡಿದ, ಕಂಕುಳಿನ ಚೀಲ ತೆಗೆದು ಕೈಗಿಟ್ಟ. ಅದರಲ್ಲಿ ಇಸ್ತ್ರಿ ಮಾಡಿದ ಅವಳ ಖಾಕಿ ಇತ್ತು.

"ಸೊಂಟದಲ್ಲಿ ಎರಡು ಬೆರಳು ಬಿಟ್ಟಿದೀನಿ," ಎಂದ. "ಕೂತು ಕೂತು ದಪ್ಪ ಆಗಿದೀಯ."

"ಅಳತೆ ಯಾವಾಗ ತಗೊಂಡ್ರಿ?"

"ತಿಂಗಳಿಡೀ ಕಣ್ಮುಂದೆ ನಿಂತಿದ್ಯಲ್ಲ."

"ಪಾಸಾಗ್ತೀನಿ ಅಂತ ಗೊತ್ತಿತ್ತಾ?"

"ಇಲ್ಲ. ಫೇಲಾಗಿದ್ರೆ ಚೀಲ ಬಿಚ್ತಾ ಇರ್ಲಿಲ್ಲ." ಅವನು ಎದ್ದು ನಿಂತ. ಚಪ್ಪಲಿ ನೋಡುತ್ತ ಕೇಳಿದ: "ಯಾವ ಶಿಫ್ಟು?"

"ಬೆಳಗಿನ್ದು," ಎಂದಳು ಕೈಬಿಟ್ಟಕ್ಕ. ಖಾಕಿಯನ್ನು ಬಿಡಿಸಿ ಸೊಂಟಕ್ಕೆ ಹಿಡಿದು ನೋಡಿದಳು. ಸರಿಯಾಗಿತ್ತು. "ಅದೊಂದೇ. ಮಧ್ಯಾಹ್ನ ಬಂದ್ಬಿಡ್ತೀನಿ. ಸ್ವಲ್ಪ ತಡ ಆದ್ರೂ ಊಟಕ್ ಕಾಯ್ರಿ."